ನಟನಾ ಪದವಿಯ ಆಡಿಷನ್: ಅಮೆರಿಕದಲ್ಲಿರುವ ಕನ್ನಡ ಪೋಷಕರಿಗೊಂದು ಮಾರ್ಗದರ್ಶಿ

ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಓದಿಗೆ ಅರ್ಜಿ ಹಾಕುವ ದಾರಿ ನಮ್ಮ ಕುಟುಂಬಗಳಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಅಲ್ಲದಿದ್ದರೆ ಪರಿಚಯದವರಲ್ಲಾದರೂ ಆ ದಾರಿಯಲ್ಲಿ ನಡೆದವರು ಒಬ್ಬರಿರುತ್ತಾರೆ. ಆದರೆ ಪ್ರೌಢಶಾಲೆಯ ಮಗಳೋ ಮಗನೋ ಕಾಲೇಜಿನಲ್ಲಿ ನಟನೆಯನ್ನೇ ಓದುತ್ತೇನೆ ಎಂದಾಗ, ಏನನ್ನು ಯಾರಲ್ಲಿ ಕೇಳಬೇಕೆಂಬುದೇ ತಿಳಿಯುವುದಿಲ್ಲ ಎಂದು ಅಮೆರಿಕದಲ್ಲಿ ನೆಲೆಸಿರುವ ಓದುಗರು ಮತ್ತೆ ಮತ್ತೆ ಬರೆಯುತ್ತಾರೆ. ಅವರಿಗಾಗಿ ಈ ಬರಹ. ನಟನೆಯನ್ನು ಓದಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಆ ನಿರ್ಧಾರ ಆಗಿದೆ ಎಂದುಕೊಂಡೇ ಮುಂದಿನ ಕೆಲಸಗಳನ್ನು ವಿವರಿಸುತ್ತೇನೆ.

ಈ ಪ್ರಕ್ರಿಯೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ದಿನಾಂಕ, ಶುಲ್ಕ, ಪ್ರಯಾಣ, ಕಾಗದಪತ್ರ ಇವೆಲ್ಲ ಒಂದು ಬಗೆ. ನಾಟಕ ಓದುವುದು, ಮಾತುಗಳನ್ನು ಆರಿಸಿಕೊಳ್ಳುವುದು, ಅಭ್ಯಾಸ ಮಾಡುವುದು, ಅಧ್ಯಾಪಕರ ಮುಂದೆ ನಿಂತು ಅಭಿನಯಿಸುವುದು ಇನ್ನೊಂದು ಬಗೆ. ಮೊದಲನೆಯದನ್ನು ನೀವು ಎಷ್ಟು ಅಚ್ಚುಕಟ್ಟಾಗಿ ಹೊತ್ತುಕೊಳ್ಳುತ್ತೀರೋ, ಎರಡನೆಯದಕ್ಕೆ ಮಕ್ಕಳಿಗೆ ಅಷ್ಟು ಸಮಯ ಮತ್ತು ನೆಮ್ಮದಿ ಉಳಿಯುತ್ತದೆ. ಪೋಷಕರು ಎಡವುವುದು ಬಹುತೇಕ ಈ ಎರಡರ ಗಡಿಯನ್ನು ದಾಟಿದಾಗಲೇ.

1. ಪದವಿಯ ಬಗೆಯನ್ನು ಮೊದಲು ತಿಳಿಯಿರಿ

ನಟನೆಯನ್ನು ಕಲಿಸುವ ಪದವಿಗಳು ಮುಖ್ಯವಾಗಿ ಎರಡು. ಬಿ.ಎಫ್.ಎ. ಎಂಬುದು ವೃತ್ತಿ ತರಬೇತಿಯ ಪದವಿ. ನಾಲ್ಕು ವರ್ಷಗಳ ಓದಿನಲ್ಲಿ ಸುಮಾರು ಮೂರನೇ ಎರಡು ಭಾಗ ನಟನೆ, ಧ್ವನಿ, ದೇಹಚಲನೆ, ರಂಗಪ್ರಯೋಗಗಳಿಗೇ ಮೀಸಲು. ಬಿ.ಎ. ಪದವಿಯಲ್ಲಿ ರಂಗಭೂಮಿ ಹಲವು ವಿಷಯಗಳಲ್ಲಿ ಒಂದು. ಅಲ್ಲಿ ಅದರ ಜೊತೆಗೆ ಅರ್ಥಶಾಸ್ತ್ರವನ್ನೋ ಕಂಪ್ಯೂಟರ್ ವಿಜ್ಞಾನವನ್ನೋ ಎರಡನೆಯ ಮುಖ್ಯ ವಿಷಯವಾಗಿ ಓದಲು ಅವಕಾಶವಿರುತ್ತದೆ. ಬಿ.ಎಫ್.ಎ.ಗೆ ಸಾಮಾನ್ಯವಾಗಿ ಆಡಿಷನ್, ಎಂದರೆ ಅಭಿನಯ ಪರೀಕ್ಷೆ, ಕಡ್ಡಾಯ. ಬಿ.ಎ.ಗೆ ಎಷ್ಟೋ ಕಡೆ ಅದು ಬೇಕಿಲ್ಲ. ರಂಗಭೂಮಿಗೆ ಹೆಸರಾದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಥಿಯೇಟರ್ ಪದವಿಗೂ ಆಡಿಷನ್ ಇಲ್ಲ. ಆಡಿಷನ್ ಇರುವುದೆಲ್ಲ ಮೇಲು, ಇಲ್ಲದ್ದೆಲ್ಲ ಕೀಳು ಎಂಬ ಲೆಕ್ಕ ಸರಿಯಲ್ಲ.

ಹೆಸರುಗಳ ವಿಷಯದಲ್ಲಿ ಒಂದು ಗೊಂದಲ ಪದೇ ಪದೇ ಕಾಣುತ್ತದೆ. ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆಯಲ್ಲಿ 2021ರಿಂದ ಬೋಧನಾ ಶುಲ್ಕವಿಲ್ಲ ಎಂಬ ಸುದ್ದಿಯನ್ನು ಕೇಳಿ ಹಲವರು ಅದನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಅದು ಪದವಿ ಮುಗಿಸಿದವರು ಸೇರುವ ಶಾಲೆ, ಪ್ರೌಢಶಾಲೆಯಿಂದ ನೇರವಾಗಿ ಹೋಗುವವರಿಗೆ ಅಲ್ಲ. 1968ರಲ್ಲಿ ಆರಂಭವಾದ ಜೂಲಿಯಾರ್ಡ್‌ನ ನಾಟಕ ವಿಭಾಗ, 1914ರಲ್ಲಿ ಆರಂಭವಾಗಿ ಆ ದೇಶದಲ್ಲಿ ನಾಟಕಕ್ಕೆಂದೇ ಪದವಿ ನೀಡಿದ ಮೊದಲ ವಿಭಾಗವೆನಿಸಿದ ಕಾರ್ನೆಗಿ ಮೆಲನ್ ಇವು ಪ್ರೌಢಶಾಲೆ ಮುಗಿಸಿದವರನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಆದರೆ ಇಂಥ ಕಡೆ ಸಾವಿರಕ್ಕೂ ಹೆಚ್ಚು ಮಂದಿ ಬರುತ್ತಾರೆ, ಆಯ್ಕೆಯಾಗುವ ತಂಡ ಇಪ್ಪತ್ತರ ಆಸುಪಾಸಿನದು ಅಥವಾ ಅದಕ್ಕೂ ಚಿಕ್ಕದು. ಈ ಅನುಪಾತವನ್ನು ಮನೆಯವರೆಲ್ಲರೂ ಮೊದಲ ದಿನವೇ ತಿಳಿದಿರುವುದು ಒಳ್ಳೆಯದು. ನಿರಾಕರಣೆ ಬಂದ ದಿನ ಅದನ್ನು ಹೇಳಿದರೆ ಸಮಾಧಾನದ ಮಾತಿನಂತೆ ಮಾತ್ರ ಕೇಳುತ್ತದೆ.

2. ಹಣ ಮತ್ತು ವೀಸಾದ ಮಾತನ್ನು ಮುಂಚೆಯೇ ಮುಗಿಸಿ

ಹನ್ನೊಂದನೇ ತರಗತಿಯ ಕೊನೆಯೊಳಗೆ ಈ ಮಾತುಕತೆ ಆಗಿರಬೇಕು. ವರ್ಷಕ್ಕೆ ಎಷ್ಟು ಹಣ ನಿಮ್ಮಿಂದ ಸಾಧ್ಯ, ಎಷ್ಟರ ಮೇಲೆ ಸಾಧ್ಯವಿಲ್ಲ ಎಂಬುದನ್ನು ಮಕ್ಕಳಿಗೆ ಅಂಕಿಯಲ್ಲಿಯೇ ಹೇಳಿ. ಕಷ್ಟಪಟ್ಟು ಸೀಟು ಪಡೆದ ಮೇಲೆ ಏಪ್ರಿಲ್ ತಿಂಗಳಲ್ಲಿ ಹಣವಿಲ್ಲ ಎನ್ನುವುದಕ್ಕಿಂತ ದೊಡ್ಡ ಪೆಟ್ಟು ಈ ದಾರಿಯಲ್ಲಿ ಇನ್ನೊಂದಿಲ್ಲ. ಫೆಡರಲ್ ಸರ್ಕಾರದ ನೆರವು ಪಡೆಯುವ ಕಾಲೇಜುಗಳು ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಎಂಬ ಲೆಕ್ಕದ ಸಾಧನವನ್ನು ತಮ್ಮ ಜಾಲತಾಣದಲ್ಲಿ ಇಡಲೇಬೇಕೆಂದು ಕಾನೂನಿದೆ. ನಿಮ್ಮ ಆದಾಯವನ್ನು ತುಂಬಿದರೆ ನೆರವು ಕಳೆದು ಉಳಿಯುವ ಖರ್ಚಿನ ಅಂದಾಜು ಅದರಲ್ಲಿ ಸಿಗುತ್ತದೆ.

ಫಾಫ್ಸಾ ಎಂಬುದು ಸರ್ಕಾರಿ ನೆರವಿನ ಅರ್ಜಿ. ಅದು ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಮತ್ತು ಕಾನೂನು ಹೆಸರಿಸಿದ ಇನ್ನು ಕೆಲವು ವರ್ಗದವರಿಗೆ ಮಾತ್ರ ಅದರ ನೆರವು ದೊರೆಯುತ್ತದೆ. ಎಚ್-1ಬಿ ವೀಸಾದಲ್ಲಿರುವವರ ಮಕ್ಕಳು, ಅಂದರೆ ಎಚ್-4 ವೀಸಾದಲ್ಲಿರುವವರು, ಅದಕ್ಕೆ ಅರ್ಹರಲ್ಲ. ಅಂಥವರು ಕಾಲೇಜು ತಾನೇ ಕೊಡುವ ಪ್ರತಿಭಾ ವಿದ್ಯಾರ್ಥಿವೇತನವನ್ನು ಹುಡುಕಬೇಕು. ಕೆಲವು ಕಾಲೇಜುಗಳು ಆಡಿಷನ್‌ನಲ್ಲಿ ತೋರಿದ ಸಾಮರ್ಥ್ಯವನ್ನೇ ನೋಡಿ ಅದನ್ನು ನೀಡುತ್ತವೆ.

ಎಚ್-4 ಮಕ್ಕಳಿರುವ ಮನೆಗಳು ಇನ್ನೂ ಮೂರು ಸಂಗತಿಗಳನ್ನು ಗಮನಿಸಬೇಕು. ಈ ವೀಸಾದಲ್ಲಿ ಓದಬಹುದು, ಆದರೆ ಸಂಬಳಕ್ಕೆ ದುಡಿಯುವಂತಿಲ್ಲ. ಆದ್ದರಿಂದ ಬೇಸಿಗೆಯ ನಾಟಕ ಕಂಪನಿಗಳಲ್ಲಿ ಸಂಭಾವನೆಯ ಪಾತ್ರ ಸಿಕ್ಕಿದರೂ ಒಪ್ಪಿಕೊಳ್ಳಲಾಗದು. 21 ವರ್ಷ ತುಂಬಿದಾಗ ಎಚ್-4 ಮುಗಿಯುವುದರಿಂದ ಓದಿನ ನಡುವೆಯೇ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಪದವಿಯ ನಂತರ ಎಫ್-1 ವಿದ್ಯಾರ್ಥಿಗಳಿಗೆ ಸಿಗುವ ಓ.ಪಿ.ಟಿ. ಎಂಬ ಕೆಲಸದ ಅನುಮತಿ ನಟನಾ ಪದವೀಧರರಿಗೆ 12 ತಿಂಗಳು ಮಾತ್ರ. ವಿಜ್ಞಾನ ಮತ್ತು ತಂತ್ರಜ್ಞಾನದ ಪದವೀಧರರಿಗೆ ಇರುವ 24 ತಿಂಗಳ ವಿಸ್ತರಣೆ ಇವರಿಗಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಇದನ್ನು ತಿಳಿದ ಮೇಲೂ ಮುಂದುವರಿದ ಕುಟುಂಬಗಳು ಉಂಟು, ಎರಡನೆಯ ವಿಷಯವನ್ನೂ ಓದಬಹುದಾದ ಬಿ.ಎ.ಯ ಕಡೆಗೆ ಹೊರಳಿದ ಕುಟುಂಬಗಳೂ ಉಂಟು. ವಲಸೆ ಕಾನೂನಿನ ವಕೀಲರೊಬ್ಬರ ಜೊತೆ ಒಮ್ಮೆ ಕುಳಿತು ನಿಮ್ಮ ಮನೆಯ ಸ್ಥಿತಿಯನ್ನು ವಿವರಿಸಿ, ಅನಂತರ ನಿರ್ಧರಿಸಿ.

3. ಪಟ್ಟಿ ಮತ್ತು ದಿನಾಂಕಗಳು

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಪ್ರತಿ ಕಾಲೇಜಿಗೆ ಒಂದು ಸಾಲು. ಕಾಲೇಜಿನ ಅರ್ಜಿಯ ಕೊನೆಯ ದಿನ, ನಾಟಕ ವಿಭಾಗದ ಪ್ರತ್ಯೇಕ ಅರ್ಜಿಯ ಕೊನೆಯ ದಿನ, ಕೇಳಿರುವ ಅಭಿನಯ ಭಾಗಗಳು ಎಷ್ಟು, ಒಂದೊಂದಕ್ಕೆ ಎಷ್ಟು ಸೆಕೆಂಡು, ಶುಲ್ಕ, ಆಡಿಷನ್ ನಡೆಯುವ ಊರು, ಉತ್ತರ ಬರುವ ತಿಂಗಳು ಇವು ಅದರ ಅಂಕಣಗಳಾಗಲಿ. ಇಲ್ಲಿ ಅತಿ ಸಾಮಾನ್ಯವಾದ ತಪ್ಪು, ಕಾಲೇಜಿನ ಅರ್ಜಿ ಮತ್ತು ನಾಟಕ ವಿಭಾಗದ ಅರ್ಜಿ ಒಂದೇ ಎಂದುಕೊಳ್ಳುವುದು. ಹಲವು ಕಡೆ ಅವು ಎರಡು, ಎರಡಕ್ಕೂ ಬೇರೆ ಬೇರೆ ಶುಲ್ಕ, ಬೇರೆ ಬೇರೆ ದಿನಾಂಕ. ವಿಭಾಗ ಒಪ್ಪಿದರೂ ಅಂಕಗಳನ್ನು ನೋಡಿ ಕಾಲೇಜು ನಿರಾಕರಿಸಬಹುದು, ಅದರ ತಿರುವುಮುರುವೂ ನಡೆಯಬಹುದು. ಹಾಗಾಗಿ ಅಭ್ಯಾಸದ ಭರದಲ್ಲಿ ಶಾಲೆಯ ಪಾಠವನ್ನು ಕೈಬಿಡುವಂತಿಲ್ಲ.

ವರ್ಷದ ನಡಿಗೆ ಸ್ಥೂಲವಾಗಿ ಹೀಗಿರುತ್ತದೆ. ಹನ್ನೊಂದನೇ ತರಗತಿಯ ನಂತರದ ಬೇಸಿಗೆಯಲ್ಲಿ ಭಾಗಗಳ ಆಯ್ಕೆ ಮತ್ತು ಅಭ್ಯಾಸ. ಆಗಸ್ಟ್ 1ಕ್ಕೆ, ಹಲವು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕಲು ನೆರವಾಗುವ ಕಾಮನ್ ಆ್ಯಪ್ ತೆರೆಯುತ್ತದೆ. ಸೆಪ್ಟೆಂಬರ್‌ನಿಂದ ಡಿಸೆಂಬರ್ ಆರಂಭದವರೆಗೆ ವಿಡಿಯೊ ಸಲ್ಲಿಕೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ ನೇರ ಆಡಿಷನ್, ಫೆಬ್ರವರಿಯಿಂದ ಏಪ್ರಿಲ್ ಆರಂಭದವರೆಗೆ ಉತ್ತರಗಳು. ಮೇ 1 ಸಾಮಾನ್ಯವಾಗಿ ಒಪ್ಪಿಗೆ ಕೊಡುವ ಕೊನೆಯ ದಿನ.

ಈ ಕ್ಷೇತ್ರದಲ್ಲಿ ಹತ್ತು ಹದಿನೈದು ಕಾಲೇಜುಗಳಿಗೆ ಅರ್ಜಿ ಹಾಕುವುದು ಅಪರೂಪವಲ್ಲ. ಆ ಪಟ್ಟಿಯಲ್ಲಿ ಆಡಿಷನ್ ಇಲ್ಲದ, ಅಂಕಗಳ ಬಲದ ಮೇಲೆ ಪ್ರವೇಶ ಬಹುಮಟ್ಟಿಗೆ ಖಚಿತವಾಗಿರುವ, ನಿಮ್ಮ ಜೇಬಿಗೆ ನಿಲುಕುವ ಕನಿಷ್ಠ ಎರಡು ಕಾಲೇಜುಗಳು ಇರಲೇಬೇಕು. ಅವು ಮಕ್ಕಳಿಗೂ ನಿಜವಾಗಿ ಇಷ್ಟವಾಗಿರಬೇಕು. ಅರ್ಲಿ ಡಿಸಿಷನ್ ಎಂಬ ಮುಂಗಡ ಅರ್ಜಿಯಲ್ಲಿ ಎಚ್ಚರವಿರಲಿ. ಅಲ್ಲಿ ಆಯ್ಕೆಯಾದರೆ ಸೇರಲೇಬೇಕೆಂಬ ಕಟ್ಟುಪಾಡಿದ್ದು, ಬೇರೆ ಕಾಲೇಜುಗಳ ನೆರವಿನ ಮೊತ್ತವನ್ನು ಹೋಲಿಸಿ ನೋಡುವ ಅವಕಾಶ ತಪ್ಪಿಹೋಗುತ್ತದೆ.

4. ಮೊನೊಲಾಗ್ ಆಯ್ಕೆ: ಇಲ್ಲಿ ನೀವು ಹಿಂದೆ ನಿಲ್ಲಬೇಕು

ಮೊನೊಲಾಗ್ ಎಂದರೆ ನಾಟಕದ ಒಂದು ಪಾತ್ರ ಒಂದೇ ಸಮನೆ ಆಡುವ ಮಾತಿನ ಭಾಗ. ಹೆಚ್ಚಿನ ಕಾಲೇಜುಗಳು ಒಂದಕ್ಕೊಂದು ಭಿನ್ನವಾದ ಎರಡು ಭಾಗಗಳನ್ನು ಕೇಳುತ್ತವೆ, ಒಂದೊಂದಕ್ಕೆ 60ರಿಂದ 90 ಸೆಕೆಂಡು ಅಥವಾ ಎರಡು ನಿಮಿಷ. ಕೆಲವು ಕಡೆ ಒಂದು ಭಾಗ ಶಾಸ್ತ್ರೀಯ ನಾಟಕದ್ದಾಗಿರಬೇಕು. ಶಾಸ್ತ್ರೀಯ ಎಂದರೆ ಹೆಚ್ಚಾಗಿ ಶೇಕ್ಸ್‌ಪಿಯರ್, ಅದರಲ್ಲೂ ಪದ್ಯದಲ್ಲಿರುವ ಮಾತು. ಆ ಪದ್ಯದ ಸಾಲಿಗೆ ಸಾಮಾನ್ಯವಾಗಿ ಹತ್ತು ಉಚ್ಚಾರಾಂಶ, ಐದು ಒತ್ತು. ಆ ಲಯವನ್ನು ಅರಿಯದೆ ಬಾಯಿಪಾಠ ಮಾಡಿದರೆ ಅಧ್ಯಾಪಕರಿಗೆ ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ಇಬ್ಸೆನ್, ಚೆಕಾಫ್ ಮೊದಲಾದವರ ನಾಟಕಗಳು ಶಾಸ್ತ್ರೀಯವೋ ಆಧುನಿಕವೋ ಎಂಬ ಗಡಿಯನ್ನು ಒಂದೊಂದು ಕಾಲೇಜು ಒಂದೊಂದು ರೀತಿ ಎಳೆಯುತ್ತದೆ. ಊಹಿಸದೆ ನಿಯಮವನ್ನು ಓದಿ, ಸಂದೇಹವಿದ್ದರೆ ಮಕ್ಕಳೇ ವಿಭಾಗಕ್ಕೆ ಇಮೇಲ್ ಬರೆದು ಕೇಳಲಿ.

ಭಾಗವನ್ನು ಆರಿಸುವಾಗ ನೋಡಬೇಕಾದುದು ಇಷ್ಟು. ಅದು ಪ್ರಕಟವಾದ ಪೂರ್ಣ ನಾಟಕದಿಂದ ಬಂದಿರಬೇಕು. ಸಿನಿಮಾದ ಮಾತು, ಅಂತರ್ಜಾಲದಲ್ಲಿ ಸಿಗುವ ಬಿಡಿ ಮೊನೊಲಾಗ್, ತಾನೇ ಬರೆದದ್ದು ಇವನ್ನು ಹಲವು ವಿಭಾಗಗಳು ಒಪ್ಪುವುದಿಲ್ಲ. ಪಾತ್ರದ ವಯಸ್ಸು ಹದಿಹರೆಯದಿಂದ ಇಪ್ಪತ್ತರ ದಶಕದ ಆರಂಭದವರೆಗೆ ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಪಾತ್ರ ತನ್ನ ಎದುರಿಗಿರುವ ಇನ್ನೊಬ್ಬರಿಂದ ಏನನ್ನೋ ಪಡೆಯಲು ಹೆಣಗುತ್ತಿರಬೇಕು. ಹಳೆಯ ನೋವನ್ನು ನೆನೆದು ಅಳುವ ಭಾಗಗಳನ್ನು ಮಕ್ಕಳು ಬಲು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ. ಅವುಗಳಲ್ಲಿ ಭಾವ ತುಂಬಿರುತ್ತದೆ, ಕ್ರಿಯೆ ಇರುವುದಿಲ್ಲ. ಕ್ಷಮೆ ಕೇಳುವುದು, ಹೋಗುತ್ತಿರುವವರನ್ನು ತಡೆಯುವುದು, ಸಾಲ ಕೇಳುವುದು, ಸುಳ್ಳನ್ನು ನಂಬಿಸುವುದು ಇಂಥ ಸಣ್ಣ ಕ್ರಿಯೆ ಇರುವ ಭಾಗದಲ್ಲಿಯೇ ನಟನೆ ಕಾಣುವುದು. ನಾಟಕವನ್ನು ಪೂರ್ತಿ ಓದದೆ ಭಾಗವನ್ನು ಮಾತ್ರ ಕಲಿಯುವುದು ಇನ್ನೊಂದು ದೊಡ್ಡ ತಪ್ಪು. ಆ ಪಾತ್ರಕ್ಕೆ ಮುಂದೆ ಏನಾಗುತ್ತದೆ ಎಂದು ಅಧ್ಯಾಪಕರು ಕೇಳಿಯೇ ಕೇಳುತ್ತಾರೆ.

ಭಾರತೀಯ ಮೂಲದ ಮಕ್ಕಳಿಗೆ, ಭಾರತೀಯ ಪಾತ್ರವನ್ನೇ ಮಾಡಬೇಕೆ ಎಂಬ ಪ್ರಶ್ನೆ ಕಾಡುತ್ತದೆ. ಹಾಗೇನೂ ಕಡ್ಡಾಯವಿಲ್ಲ. ಆದರೆ ಬೇರೊಂದು ಜನಾಂಗದ ಅನುಭವವನ್ನೇ ಕುರಿತು, ಆ ಜನಾಂಗದವರಿಗೆಂದೇ ಬರೆದ ಮಾತನ್ನು ಎತ್ತಿಕೊಳ್ಳಬಾರದು. ನಗು ಹುಟ್ಟಿಸಲು ಹಾಕಿಕೊಂಡ ಭಾರತೀಯ ಉಚ್ಚಾರಣೆಯೂ ಬೇಡ.

ಈ ಹಂತದಲ್ಲಿ ಪೋಷಕರ ಕೆಲಸ ನಾಟಕಗಳ ಪುಸ್ತಕಗಳನ್ನು ಗ್ರಂಥಾಲಯದಿಂದ ತಂದುಕೊಡುವುದು, ಕೇಳಿದಾಗ ಕುಳಿತು ನೋಡುವುದು, ಮಾತು ಮರೆತಾಗ ಪಠ್ಯ ಹಿಡಿದು ನೆನಪಿಸುವುದು. ಇಲ್ಲಿ ಅಳು, ಇಲ್ಲಿ ಕೈ ಎತ್ತು ಎಂದು ನಿರ್ದೇಶಿಸಬೇಡಿ. ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಆಡಿಷನ್‌ನಲ್ಲಿ ಅಧ್ಯಾಪಕರು ಅದೇ ಭಾಗವನ್ನು ಬೇರೆ ರೀತಿಯಲ್ಲಿ ಮಾಡಿ ತೋರಿಸಲು ಹೇಳುವುದುಂಟು. ಗುಟ್ಟು ಹೇಳುವಂತೆ ಪಿಸುಮಾತಿನಲ್ಲಿ ಆಡು, ಎದುರಿಗಿರುವವರನ್ನು ನಗಿಸಲು ಆಡು, ಹೀಗೆ. ಸೂಚನೆಯನ್ನು ತೆಗೆದುಕೊಂಡು ಬದಲಾಗುವ ಶಕ್ತಿ ಎಷ್ಟಿದೆ ಎಂದು ನೋಡುವುದೇ ಅವರ ಉದ್ದೇಶ. ಮನೆಯಲ್ಲಿ ಒಂದೇ ಅಚ್ಚಿನಲ್ಲಿ ನೂರು ಸಲ ತಿದ್ದಿಸಿಕೊಂಡ ಮಗು ಆಗ ಕಲ್ಲಿನಂತೆ ನಿಂತುಬಿಡುತ್ತದೆ. ತಿದ್ದುವವರು ಬೇಕೆನಿಸಿದರೆ ಶಾಲೆಯ ನಾಟಕದ ಅಧ್ಯಾಪಕರನ್ನು ಕೇಳಿ. ಹಣ ಕೊಟ್ಟು ತರಬೇತುದಾರರನ್ನು ಗೊತ್ತುಮಾಡುವುದಾದರೆ, ಪ್ರವೇಶ ಖಚಿತ ಎಂದು ಮಾತು ಕೊಡುವವರಿಂದ ದೂರವಿರಿ.

5. ಪ್ರೀಸ್ಕ್ರೀನ್ ವಿಡಿಯೊ

ಪ್ರೀಸ್ಕ್ರೀನ್ ಎಂದರೆ ನೇರ ಆಡಿಷನ್‌ಗೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸಲು ಕಾಲೇಜು ಮೊದಲೇ ತರಿಸಿಕೊಳ್ಳುವ ವಿಡಿಯೊ. ಎಲ್ಲ ಕಾಲೇಜುಗಳೂ ಇದನ್ನು ಕೇಳುವುದಿಲ್ಲ. ಫೋನ್ ಕ್ಯಾಮೆರಾ ಸಾಕು, ಸ್ಟುಡಿಯೊ ಬೇಡ. ಫೋನನ್ನು ಅಡ್ಡಲಾಗಿ, ಕಣ್ಣಿನ ಮಟ್ಟದಲ್ಲಿ, ಅಲುಗದಂತೆ ನಿಲ್ಲಿಸಿ. ಹಿನ್ನೆಲೆಯಲ್ಲಿ ಖಾಲಿ ಗೋಡೆ ಇರಲಿ. ಬೆಳಕು ಮುಖದ ಎದುರಿನಿಂದ ಬರಬೇಕು, ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗುತ್ತದೆ. ಫ್ಯಾನ್, ಫ್ರಿಜ್‌ಗಳ ಸದ್ದನ್ನು ಒಮ್ಮೆ ರೆಕಾರ್ಡ್ ಮಾಡಿ ಕೇಳಿ ನೋಡಿ.

ಆರಂಭದಲ್ಲಿ ಹೆಸರು, ನಾಟಕ, ನಾಟಕಕಾರರ ಹೆಸರು ಹೇಳುವುದಕ್ಕೆ ಸ್ಲೇಟ್ ಎನ್ನುತ್ತಾರೆ. ಹೆಸರನ್ನು ಆಂಗ್ಲರ ನಾಲಿಗೆಗೆ ತಕ್ಕಂತೆ ಮೊಟಕುಗೊಳಿಸುವ ಅಗತ್ಯವಿಲ್ಲ. ಮನೆಯಲ್ಲಿ ಕರೆಯುವಂತೆಯೇ, ನಿಧಾನವಾಗಿ, ಸ್ಪಷ್ಟವಾಗಿ ಹೇಳಲಿ. ಅಭಿನಯದ ಭಾಗವನ್ನು ಕತ್ತರಿಸಿ ಜೋಡಿಸಬಾರದು, ಒಂದೇ ಓಟದಲ್ಲಿ ಇರಬೇಕು. ಕಾಲೇಜು ಸೊಂಟದಿಂದ ಮೇಲಿನ ಚೌಕಟ್ಟು ಕೇಳಿದೆಯೋ ಪೂರ್ಣ ದೇಹ ಕಾಣಬೇಕೆಂದಿದೆಯೋ ನೋಡಿಕೊಳ್ಳಿ. 90 ಸೆಕೆಂಡು ಎಂದರೆ 90 ಸೆಕೆಂಡೇ. ಒಂದು ಮಧ್ಯಾಹ್ನಕ್ಕೆ ಐದಾರು ಸಲ ಚಿತ್ರಿಸಿದರೆ ಸಾಕು, ಇಪ್ಪತ್ತನೆಯ ಸಲಕ್ಕೆ ಮಾತು ಸತ್ತಿರುತ್ತದೆ. ಯಾವುದನ್ನು ಕಳುಹಿಸಬೇಕೆಂಬ ಆಯ್ಕೆಯೂ ಮಕ್ಕಳದೇ. ಕೊನೆಯ ದಿನಕ್ಕೆ ಮೂರು ದಿನ ಮುಂಚೆ ಅಪ್‌ಲೋಡ್ ಮಾಡಿ, ಕೊನೆಯ ಗಂಟೆ ಯಾವ ಸಮಯವಲಯದ್ದು ಎಂದು ಪರಿಶೀಲಿಸಿ.

6. ನೇರ ಆಡಿಷನ್

ನೇರ ಆಡಿಷನ್ ಕಾಲೇಜಿನ ಆವರಣದಲ್ಲಿ, ಆನ್‌ಲೈನ್‌ನಲ್ಲಿ ಅಥವಾ ಯೂನಿಫೈಡ್ಸ್ ಎಂಬ ಸಾಮೂಹಿಕ ವ್ಯವಸ್ಥೆಯಲ್ಲಿ ನಡೆಯುತ್ತದೆ. ಯೂನಿಫೈಡ್ಸ್‌ನಲ್ಲಿ ಹಲವು ಕಾಲೇಜುಗಳು ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲೀಸ್‌ನಂಥ ನಗರದಲ್ಲಿ ಒಂದೇ ಕಡೆ ಸೇರಿ, ಜನವರಿ ಮತ್ತು ಫೆಬ್ರವರಿಯಲ್ಲಿ ಕೆಲವು ದಿನ ಆಡಿಷನ್ ನಡೆಸುತ್ತವೆ. ಪ್ರಯಾಣದ ಖರ್ಚು ಉಳಿಯುತ್ತದೆಂದು ಒಂದೇ ದಿನಕ್ಕೆ ಐದು ಆಡಿಷನ್ ತುಂಬಬೇಡಿ. ಎರಡು, ಹೆಚ್ಚೆಂದರೆ ಮೂರು. ನಡುವೆ ಕನಿಷ್ಠ ಎರಡು ಗಂಟೆಯ ಬಿಡುವಿರಲಿ, ಏಕೆಂದರೆ ಆಡಿಷನ್‌ಗಳು ಗೊತ್ತುಮಾಡಿದ ಹೊತ್ತಿಗಿಂತ ತಡವಾಗುವುದುಂಟು. ಚಳಿಗಾಲದ ವಿಮಾನಗಳು ಹಿಮಪಾತಕ್ಕೆ ರದ್ದಾಗುವುದುಂಟು, ಹಿಂದಿನ ದಿನವೇ ತಲುಪಿ.

ಕೈಯಲ್ಲಿರಬೇಕಾದವು: ಹೆಡ್‌ಶಾಟ್, ಎಂದರೆ 8 ಇಂಚು ಅಗಲ 10 ಇಂಚು ಎತ್ತರದ ಮುಖಚಿತ್ರ, ಈಗ ಮುಖ ಹೇಗಿದೆಯೋ ಹಾಗೆಯೇ ಕಾಣುವಂಥದ್ದು. ಮಾಡಿದ ಪಾತ್ರಗಳನ್ನು ತಿಳಿಸುವ ಒಂದೇ ಪುಟದ ರೆಸ್ಯೂಮೆ. ಕನ್ನಡ ಕೂಟದ ವೇದಿಕೆಯಲ್ಲಿ ಮಾಡಿದ ನಾಟಕ, ಕಲಿತ ಭರತನಾಟ್ಯ ಅಥವಾ ಯಕ್ಷಗಾನ, ಕನ್ನಡ ಮಾತನಾಡಬಲ್ಲೆ ಎಂಬುದು ಇವೆಲ್ಲ ಅದರಲ್ಲಿ ಸೇರಬೇಕು. ಎಷ್ಟೋ ಮಕ್ಕಳು ಇವನ್ನು ಮುಚ್ಚಿಡುತ್ತಾರೆ. ದೇಹ ಮತ್ತು ಲಯದ ಮೇಲಿನ ಹಿಡಿತವನ್ನು ಇವು ಹೇಳುತ್ತವೆ. ಉಡುಪು ಸರಳವಾಗಿ, ಓಡಾಡಲು ಬಗ್ಗಲು ಅನುಕೂಲವಾಗಿರಲಿ, ಪಾತ್ರದ ವೇಷ ಬೇಡ. ಕಾಲ್‌ಬ್ಯಾಕ್, ಅಂದರೆ ಎರಡನೆಯ ಸುತ್ತಿನ ಕರೆ ಬಂದರೆ ಅದೇ ಉಡುಪಿನಲ್ಲಿ ಹೋಗುವುದು ವಾಡಿಕೆ, ಗುರುತು ಹಿಡಿಯಲು ಅನುಕೂಲ.

ಆ ಕೊಠಡಿಯೊಳಗೆ ಪೋಷಕರಿಗೆ ಪ್ರವೇಶವಿಲ್ಲ. ಆದರೆ ಕೆಲವು ಕಾಲೇಜುಗಳು ಅದೇ ಹೊತ್ತಿನಲ್ಲಿ ಪೋಷಕರ ಸಭೆ ನಡೆಸುತ್ತವೆ. ಅಲ್ಲಿ ನಿಮ್ಮ ಮಗುವಿನ ಗುಣಗಾನಕ್ಕೆ ಎಡೆಯಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ: ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾಟಕಗಳಲ್ಲಿ ಪಾತ್ರ ಮಾಡಲು ಅವಕಾಶವಿದೆಯೇ? ಒಂದು ಅಥವಾ ಎರಡು ವರ್ಷಗಳ ನಂತರ ಕೆಲವರನ್ನು ವಿಭಾಗದಿಂದ ಕೈಬಿಡುವ ಪದ್ಧತಿ ಇದೆಯೇ? ಧ್ವನಿಗೋ ದೇಹಕ್ಕೋ ಪೆಟ್ಟಾದರೆ ನೆರವು ಏನು? ಪ್ರತಿಭಾ ವಿದ್ಯಾರ್ಥಿವೇತನ ನಾಲ್ಕೂ ವರ್ಷ ಮುಂದುವರಿಯುತ್ತದೆಯೇ? ಎರಡನೆಯ ಪ್ರಶ್ನೆಯನ್ನು ಎಂದಿಗೂ ಬಿಡಬೇಡಿ.

ಹೊರಬಂದ ಮಗುವಿಗೆ ನೀರು ಕೊಡಿ, ಊಟ ಕೊಡಿಸಿ. ಹೇಗಾಯಿತು ಎಂದು ಕೇಳುವುದನ್ನು ತಡೆದುಕೊಳ್ಳಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ.

7. ಕಾಯುವ ತಿಂಗಳುಗಳು

ವಿಭಾಗಗಳು ಹೆಚ್ಚು ಅಂಕ ಪಡೆದವರನ್ನು ಮೇಲಿನಿಂದ ಕೆಳಗೆ ಎಣಿಸಿಕೊಂಡು ಆರಿಸುವುದಿಲ್ಲ. ನಾಲ್ಕು ವರ್ಷ ಒಟ್ಟಿಗೆ ನಾಟಕ ಮಾಡಬಲ್ಲ ಒಂದು ತಂಡವನ್ನು ಕಟ್ಟುತ್ತವೆ. ಧ್ವನಿ, ಎತ್ತರ, ಸ್ವಭಾವಗಳಲ್ಲಿ ವೈವಿಧ್ಯ ಬೇಕಾಗುತ್ತದೆ. ಒಂದೇ ಬಗೆಯ ಇಬ್ಬರು ಚೆನ್ನಾಗಿ ಅಭಿನಯಿಸಿದರೂ ಒಬ್ಬರಿಗೆ ಮಾತ್ರ ಜಾಗವಿರಬಹುದು. ನಿರಾಕರಣೆಯ ಪತ್ರದಲ್ಲಿ ಕಾರಣ ಬರೆದಿರುವುದಿಲ್ಲ, ಕಾರಣ ಕೇಳಿ ಪೋಷಕರು ಕರೆ ಮಾಡುವುದರಿಂದ ಪ್ರಯೋಜನವೂ ಇಲ್ಲ. 1974ರ ಫೆರ್ಪಾ ಕಾನೂನಿನ ಪ್ರಕಾರ ವಿದ್ಯಾರ್ಥಿ ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದೇ. ಆ ಅಭ್ಯಾಸಕ್ಕೆ ಈಗಿನಿಂದಲೇ ಒಗ್ಗಿಕೊಂಡು, ಕಾಲೇಜಿಗೆ ಬರೆಯುವ ಪ್ರತಿ ಇಮೇಲನ್ನೂ ಮಕ್ಕಳೇ ಬರೆಯಲಿ.

ಯಾವ ಯಾವ ಕಾಲೇಜಿಗೆ ಅರ್ಜಿ ಹಾಕಿದ್ದೀರಿ ಎಂದು ಬಂಧುಮಿತ್ರರಿಗೆಲ್ಲ ಹೇಳಬೇಡಿ. ಹೇಳಿದಷ್ಟು ಮಂದಿ ಏಪ್ರಿಲ್‌ನಲ್ಲಿ ಫಲಿತಾಂಶ ಕೇಳುತ್ತಾರೆ, ಆ ಪ್ರಶ್ನೆಗಳಿಗೆ ಉತ್ತರಿಸುವ ಭಾರ ಬೀಳುವುದು ಹದಿನೇಳು ವರ್ಷದ ಮಗುವಿನ ಮೇಲೆ. ನಿದ್ದೆ, ಊಟ ಕೆಟ್ಟಿದ್ದು ಎರಡು ವಾರಕ್ಕೂ ಮೀರಿ ಮುಂದುವರಿದರೆ ಶಾಲೆಯ ಆಪ್ತ ಸಮಾಲೋಚಕರನ್ನು ಕಾಣಲು ತಡಮಾಡಬೇಡಿ.

8. ಉತ್ತರಗಳು ಬಂದ ಮೇಲೆ

ನೆರವಿನ ಪತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿ. ಉಚಿತವಾಗಿ ಕೊಡುವ ಹಣವನ್ನೂ ತೀರಿಸಬೇಕಾದ ಸಾಲವನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿ ತೋರಿಸಿರುವ ಪತ್ರಗಳಿರುತ್ತವೆ, ಎರಡನ್ನೂ ಬೇರ್ಪಡಿಸಿ ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ. ಮೊತ್ತ ಸಾಲದಿದ್ದರೆ ಇನ್ನೊಂದು ಕಾಲೇಜಿನ ಪತ್ರವನ್ನು ಲಗತ್ತಿಸಿ, ಮರುಪರಿಶೀಲನೆಗೆ ವಿನಯದಿಂದ ಮನವಿ ಸಲ್ಲಿಸಬಹುದು. ಸಾಧ್ಯವಾದರೆ ಒಂದು ದಿನ ಆ ವಿಭಾಗದ ತರಗತಿಯಲ್ಲಿ ಕುಳಿತು ಬರಲು ಮಕ್ಕಳನ್ನು ಕಳುಹಿಸಿ.

ಕಾಯುವ ಪಟ್ಟಿಯಲ್ಲಿ ಹೆಸರಿದ್ದರೆ, ಆಸಕ್ತಿ ಇನ್ನೂ ಇದೆಯೆಂದು ಒಂದು ಚಿಕ್ಕ ಪತ್ರವನ್ನು ಮಕ್ಕಳು ಬರೆಯಲಿ. ಆದರೆ ಮೇ 1ರೊಳಗೆ ಕೈಯಲ್ಲಿರುವ ಕಾಲೇಜೊಂದಕ್ಕೆ ಠೇವಣಿ ಕಟ್ಟಿರಿ. ಆಡಿಷನ್ ಕೊಟ್ಟ ಎಲ್ಲ ಕಡೆಯಿಂದಲೂ ನಿರಾಕರಣೆ ಬಂದರೆ ಮೂರು ದಾರಿಗಳಿವೆ: ಆಡಿಷನ್ ಇಲ್ಲದ ಬಿ.ಎ. ಸೇರಿ ಅಲ್ಲಿನ ರಂಗತಂಡದಲ್ಲಿ ದುಡಿಯುವುದು, ಒಂದು ವರ್ಷ ಬಿಡುವು ತೆಗೆದುಕೊಂಡು ಹೊಸ ಭಾಗಗಳೊಂದಿಗೆ ಮತ್ತೆ ಪ್ರಯತ್ನಿಸುವುದು, ಅಥವಾ ಸಮುದಾಯ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಆರಂಭಿಸಿ ಮುಂದೆ ವರ್ಗಾವಣೆ ಪಡೆಯುವುದು. ವರ್ಗಾವಣೆಯಾಗಿ ಬಂದ ವಿದ್ಯಾರ್ಥಿಗಳನ್ನು ಹಲವು ಬಿ.ಎಫ್.ಎ. ವಿಭಾಗಗಳು ಮೊದಲ ವರ್ಷದಿಂದಲೇ ಆರಂಭಿಸಲು ಹೇಳುತ್ತವೆ, ಅದನ್ನು ಮೊದಲೇ ವಿಚಾರಿಸಿ. ಬಿಡುವಿನ ವರ್ಷ ಎಚ್-4 ಮಕ್ಕಳಿಗೆ 21ರ ಗಡಿಯನ್ನು ಹತ್ತಿರ ತರುತ್ತದೆಂಬುದೂ ಲೆಕ್ಕದಲ್ಲಿರಲಿ. ಒಂದು ಕಾಲೇಜನ್ನು ಒಪ್ಪಿಕೊಂಡ ದಿನವೇ ಸೀಟು ಕೊಟ್ಟ ಉಳಿದ ಕಾಲೇಜುಗಳಿಗೆ ಬರುವುದಿಲ್ಲವೆಂದು ತಿಳಿಸಿಬಿಡಿ. ಆ ಸೀಟಿಗಾಗಿ ಇನ್ನೊಂದು ಮನೆಯ ಮಗು ಕಾಯುವ ಪಟ್ಟಿಯಲ್ಲಿರುತ್ತದೆ.